ಹಸೀದೋ, ಸುಟ್ಟಿದ್ದೋ

ಹಾವೇರಿಯಿಂದ ಕರ್ಜಗಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕದ ಕಿಟಕಿಯ ಗಾಜು ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಊರು ದಾಟುತ್ತಿದ್ದಂತೆ ಮುಂದೆ ಒಂದು ಹಳೆಯ ಬೈಕು ಬಂತು. ಇಬ್ಬರು ಕೂತಿದ್ದರು, ನಡುವೆ ಗೊಬ್ಬರದ ಚೀಲ. ಡ್ರೈವರ್ ಹಾರ್ನ್ ಹೊಡೆದರೂ ದಾರಿ ಬಿಡಲಿಲ್ಲ. ಅದರ ಸೈಲೆನ್ಸರಿನಿಂದ ತೆಳ್ಳಗೆ ನೀಲಿ ಹೊಗೆ ಬರುತ್ತಿತ್ತು. ಬಸ್ಸು ಹತ್ತಿರವಾದಾಗ ಅದು ಕಿಟಕಿಯಿಂದ ಒಳಗೆ ಬಂತು.

"ಭಜಿ" ಎಂದೆ. ಸ್ವಲ್ಪ ಜೋರಾಗಿಯೇ ಅಂದಿರಬೇಕು. ಪಕ್ಕದಲ್ಲಿದ್ದ ಹೆಂಗಸು ಹೊರಗೆ ಹಣಿಕಿ ಹಾಕಿ, ಎಲ್ಲಿ ಎಂದು ಕೇಳಿದಳು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಆ ಮಾತು ನನ್ನ ಬಾಯಿಯಿಂದ ಹೊರಬಿದ್ದು ಎರಡು ಬೇಸಿಗೆಯಾಗಿತ್ತು. ಅದನ್ನು ನನಗೆ ಕಲಿಸಿದವನನ್ನು ನೋಡಲೆಂದೇ ನಾನು ಆ ಬಸ್ಸು ಹತ್ತಿದ್ದೆ.

ರಾಣೆಬೆನ್ನೂರಿನಲ್ಲಿ ನಮ್ಮದು ಬೈಕಿನ ಬಿಡಿಭಾಗಗಳ ಅಂಗಡಿ. ಅಪ್ಪ ಹಾಕಿದ್ದು, ಅವರ ಮೊಣಕಾಲು ಕೈಕೊಟ್ಟ ಮೇಲೆ ನಾನು ಗಲ್ಲಾದ ಮೇಲೆ ಕೂತೆ. ಎಡಕ್ಕೆ ಬೀಜದ ಅಂಗಡಿಗಳು, ಬಲಕ್ಕೆ ರೈಲ್ವೆ ಸ್ಟೇಷನ್ನಿಗೆ ಹೋಗುವ ಆಟೊಗಳ ಸಾಲು. ಎದುರಿಗೆ, ರಸ್ತೆಯ ಆಚೆ, ಬೇವಿನ ಮರದ ಕೆಳಗೆ ದಸ್ತಗೀರಣ್ಣನ ಗ್ಯಾರೇಜು. ಮೇಲೊಂದು ತಗಡು, ಕೆಳಗೆ ಎಣ್ಣೆ ಕುಡಿದು ಕಪ್ಪಾದ ನೆಲ, ಒಂದು ಕಟ್ಟಿಗೆಯ ಪೆಟ್ಟಿಗೆ. ಒಬ್ಬನೇ ಕೆಲಸ ಮಾಡುತ್ತಿದ್ದ. ನಾನು ಅವನನ್ನು ಅಣ್ಣಾರ ಅನ್ನುತ್ತಿದ್ದೆ, ಅವನು ನನ್ನನ್ನು ಅಕ್ಕಾರ ಅನ್ನುತ್ತಿದ್ದ. ಇಬ್ಬರಲ್ಲಿ ಯಾರು ದೊಡ್ಡವರೆಂದು ನಾವು ಯಾವತ್ತೂ ಲೆಕ್ಕ ಹಾಕಿರಲಿಲ್ಲ.

ಗಾಡಿ ಬಂದರೆ ಅವನು ಮೊದಲು ಎಂಜಿನ್ ಮುಟ್ಟುತ್ತಿರಲಿಲ್ಲ. ಚಾಲೂ ಮಾಡಿಸಿ ಹಿಂದೆ ಹೋಗಿ ನಿಲ್ಲುತ್ತಿದ್ದ. ನೀಲಿ ಹೊಗೆ ಬಂದರೆ ಪಿಸ್ಟನ್ನಿನ ರಿಂಗು ಸವೆದು ಎಂಜಿನ್ ಎಣ್ಣೆ ಸುಡುತ್ತಿದೆ ಎಂದು ಅರ್ಥ. ಕಪ್ಪಾದರೆ ಪೆಟ್ರೋಲು ಹೆಚ್ಚಾಗಿ ಹೋಗುತ್ತಿದೆ. ಬೆಳ್ಳಗಿದ್ದರೆ ನೀರು: ಚಳಿಗಾಲದ ಬೆಳಿಗ್ಗೆ ಸೈಲೆನ್ಸರಿನಲ್ಲಿ ಕೂತ ಇಬ್ಬನಿಯಾಗಿರಬಹುದು, ಅಥವಾ ವ್ಯಾನಿನಂಥ ಗಾಡಿಯಾದರೆ ರೇಡಿಯೇಟರಿನ ನೀರು ಒಳಗೆ ಸೋರುತ್ತಿರಬಹುದು. ಆಮೇಲೆ ಕಿಡಿ ಹಾರಿಸುವ ಪ್ಲಗ್ಗು ಬಿಚ್ಚುತ್ತಿದ್ದ. ತುದಿ ಚಹಾದ ಬಣ್ಣಕ್ಕಿದ್ದರೆ ಎಂಜಿನ್ ಆರೋಗ್ಯವಾಗಿದೆ. ಸುಣ್ಣದಂತೆ ಬೆಳ್ಳಗಾಗಿದ್ದರೆ ಬಹಳ ಕಾಯುತ್ತಿದೆ. ಒಣ ಮಸಿ ಕೂತಿದ್ದರೆ ಒಂದು ತೊಂದರೆ, ಕಪ್ಪಾಗಿ ಒದ್ದೆಯಾಗಿದ್ದರೆ ಇನ್ನೊಂದು. ಇಷ್ಟನ್ನು ರಸ್ತೆಯ ಈಚೆ ಕೂತು ವರ್ಷಗಟ್ಟಲೆ ನೋಡಿ ನಾನೂ ಕಲಿತಿದ್ದೆ.

ಆದರೆ ಕಣ್ಣು ಅರ್ಧ ದಾರಿಯವರೆಗೆ ಮಾತ್ರ ಹೋಗುತ್ತದೆ. ಒದ್ದೆಯಾದ ಪ್ಲಗ್ಗಿನ ಮೇಲೆ ಇರುವುದು ಎಣ್ಣೆಯೋ, ಸುಡದೆ ಉಳಿದ ಪೆಟ್ರೋಲೋ? ಬೆಳ್ಳನೆಯ ಹೊಗೆ ಇಬ್ಬನಿಯದೋ, ರೇಡಿಯೇಟರಿನದೋ? ಅದಕ್ಕೆ ದಸ್ತಗೀರಣ್ಣ ಪ್ಲಗ್ಗನ್ನು ಮೂಗಿನ ಕೆಳಗೆ ಹಿಡಿದು, ಮಾವಿನ ಹಣ್ಣು ಆರಿಸುವವರ ಹಾಗೆ ಕಣ್ಣು ಮುಚ್ಚಿ ಒಂದು ಉಸಿರು ಎಳೆಯುತ್ತಿದ್ದ. ಒಂದೇ ಉಸಿರು. ಆಮೇಲೆ ಹೇಳುವುದನ್ನು ಹೇಳುತ್ತಿದ್ದ. ಪ್ಲಗ್ಗಿನಲ್ಲಿ ಕಿಡಿ ಬರುತ್ತಿದೆಯೇ ಎಂದು ನೋಡಲು ಅದನ್ನು ಬಿಚ್ಚಿ, ಅದರ ವೈರಿನ ಕ್ಯಾಪಿಗೆ ಸಿಕ್ಕಿಸಿ, ಎಂಜಿನ್ನಿನ ಮೈಗೆ ತಾಗಿಸಿ ಕಿಕ್ಕು ಒತ್ತುತ್ತಾರೆ. ತುದಿಯಲ್ಲಿ ನೀಲಿ ಕಿಡಿ ಚಟ್ಟನೆ ಹಾರುತ್ತದೆ. ಆ ಕಿಕ್ಕು ಒತ್ತುವ ಮುಂಚೆಯೂ ಅವನು ತಲೆ ಬಗ್ಗಿಸಿ ಸುತ್ತಲಿನ ಗಾಳಿಯನ್ನು ಮೂಸುತ್ತಿದ್ದ. ಎಲ್ಲಾದರೂ ಪೆಟ್ರೋಲು ಸೋರಿದ್ದರೆ ಕಿಡಿ ಹಾರಿಸುವಂತಿಲ್ಲ. ನಾನೊಮ್ಮೆ ಕೇಳಿದಾಗ, ಅದು ಬಿಸ್ಮಿಲ್ಲಾ ಅಂದಂಗರಿ ಎಂದು ನಕ್ಕಿದ್ದ.

ಆ ವರ್ಷ ದೀಪಾವಳಿ ಮುಗಿದ ಮೇಲೆ ಅವನ ಮನೆಮಂದಿಗೆಲ್ಲ ಜ್ವರ ಬಂತು. ಕೊರೊನಾದ ದೊಡ್ಡ ಗದ್ದಲ ಮುಗಿದು ಜನ ಮಾಸ್ಕು ಮರೆತಿದ್ದ ಕಾಲ. ಯಾರೂ ಪರೀಕ್ಷೆ ಮಾಡಿಸಲಿಲ್ಲ. ಗುಳಿಗೆ ನುಂಗಿ ಮಲಗಿದರು, ಎದ್ದರು. ಅವನ ಹೆಂಡತಿ ಬೀಬಿಜಾನಳಿಗೆ ಒಂದು ವಾರ ಬಾಯಿ ರುಚಿ ಇರಲಿಲ್ಲ, ಆಮೇಲೆ ಬಂತು. ದಸ್ತಗೀರಣ್ಣ ಸೊರಗಿದ ಮುಖದಲ್ಲಿ ಮತ್ತೆ ಬೇವಿನ ಮರದ ಕೆಳಗೆ ಕೂತ.

ಒಂದು ಬೆಳಿಗ್ಗೆ ಅವನು ಒಂದು ಪ್ಲಗ್ಗನ್ನು ಮೂಗಿನ ಕೆಳಗೆ ಹಿಡಿದು ಉಸಿರೆಳೆದ. ಮತ್ತೆ ಎಳೆದ. ಚಿಂದಿಯಿಂದ ಮೂಗು ಒರೆಸಿಕೊಂಡು ಮತ್ತೊಮ್ಮೆ ಎಳೆದ. ನಾನು ಗಲ್ಲಾದಿಂದ ನೋಡುತ್ತಲೇ ಇದ್ದೆ. ಆಮೇಲೆ ರಸ್ತೆ ದಾಟಿ ಬಂದು ಪ್ಲಗ್ಗನ್ನು ನನ್ನ ಮುಂದೆ ಹಿಡಿದು, ಇದು ಏನು ವಾಸನೆ ಬರುತ್ತಿದೆ ನೋಡಿ ಎಂದ. ಚಾಷ್ಟಿ ಮಾಡುತ್ತಿದ್ದಾನೆಂದು ನಾನು ನಕ್ಕೆ. ಅವನು ನಗಲಿಲ್ಲ.

"ವಾಸನಿ ಬರವಲ್ದ್ರಿ ಅಕ್ಕಾರ," ಎಂದ. "ಜ್ವರ ಬಿಟ್ಟಾಗಿಂದ ಏನೂ ಬರವಲ್ದು. ನಿನ್ನೆ ಆಕಿ ಹಾಲು ಉಕ್ಕಿಸಿ ತಳ ಹೊತ್ತಿಸ್ಯಾಳ. ನಾ ಒಲಿ ಮಗ್ಗಲಾಗs ಕುಂತೇನಿ, ನನಗ ಗೊತ್ತs ಆಗಲಿಲ್ಲ."

ನೆಗಡಿಯಿರಬೇಕು, ಹೋಗುತ್ತದೆ ಎಂದೆ. ನೆಗಡಿ ಇಲ್ಲ ಎಂದು ತೋರಿಸಲು ಅವನು ಎರಡೂ ಹೊಳ್ಳೆಗಳಿಂದ ಜೋರಾಗಿ ಉಸಿರು ಬಿಟ್ಟ. ಗಾಳಿ ಸಲೀಸಾಗಿ ಹೋಗಿ ಬರುತ್ತಿತ್ತು. ಅದರ ಜೊತೆಗೆ ಬರಬೇಕಾದದ್ದು ಮಾತ್ರ ಬರುತ್ತಿರಲಿಲ್ಲ.

"ಯಾರಿಗೂ ಹೇಳಬ್ಯಾಡ್ರಿ," ಎಂದ. "ಮಿಸ್ತ್ರಿ ಮೂಗು ಹೋಗೇತಿ ಅಂತ ಗೊತ್ತಾದ್ರ ಒಂದ ಗಾಡೀನೂ ಈ ಗಿಡದ ಬುಡಕ ನಿಂದ್ರೂದಿಲ್ಲ."

ಅದು ಸುಳ್ಳಲ್ಲ. ಬೈಪಾಸಿನ ಹತ್ತಿರ ದೊಡ್ಡ ಗ್ಯಾರೇಜೊಂದು ಆಗಿತ್ತು. ಹೊಸ ಗಾಡಿಗಳಿಗೆ ವೈರು ಸಿಕ್ಕಿಸಿದರೆ ರೋಗ ಯಾವುದೆಂದು ಪರದೆಯ ಮೇಲೆ ಬರುತ್ತಿತ್ತು. ದಸ್ತಗೀರಣ್ಣನ ಹತ್ತಿರ ಉಳಿದಿದ್ದವು ಕಾರ್ಬೋರೇಟರಿನ ಹಳೆಯ ಬೈಕುಗಳು, ಒಂದೆರಡು ಹಳೆಯ ವ್ಯಾನುಗಳು. ಅವುಗಳ ಮಾಲೀಕರು ಬರುತ್ತಿದ್ದದ್ದು ಎಂಜಿನ್ ಬಿಚ್ಚದೆಯೇ ಹೇಳುತ್ತಾನೆಂಬ ಒಂದೇ ನಂಬಿಕೆಯಿಂದ. ಬೇಡದ ಎಂಜಿನ್ ಬಿಚ್ಚಿಸಿಕೊಂಡು ವಾರಗಟ್ಟಲೆ ಬಸ್ಸಿಗೆ ಅಲೆದವರು ಅವರು. ಆ ನಂಬಿಕೆ ಹೋದರೆ ಅವನ ಹತ್ತಿರ ಉಳಿಯುವುದು ಒಂದು ತಗಡು ಮತ್ತು ನಟ್ಟು ಬಿಚ್ಚುವ ನಾಲ್ಕು ಪಾನೆ.

ಹೀಗೆ ನಾನು ಅವನ ಮೂಗಾದೆ. ಗಿರಾಕಿ ಎದುರಿಗೆ ನಿಂತಿರುವಾಗ ಅವನು ಪ್ಲಗ್ಗು ಬಿಚ್ಚಿ, ಇದಕ್ಕೆ ಜೋಡಿ ನೋಡುತ್ತೇನೆ ಎಂದು ಹೇಳಿ ರಸ್ತೆ ದಾಟಿ ಬರುತ್ತಿದ್ದ. ಹೊಸ ಪ್ಲಗ್ಗು ಹುಡುಕುವವಳ ಹಾಗೆ ನಾನು ಅದನ್ನು ತೆಗೆದುಕೊಂಡು ಕಪಾಟಿನ ಕಡೆ ತಿರುಗಿ ಮೂಸುತ್ತಿದ್ದೆ. ಮೊದಮೊದಲು ನನಗೆ ಹೇಳಲು ಏನೂ ಸಿಗುತ್ತಿರಲಿಲ್ಲ. ಪೆಟ್ರೋಲು ಎನ್ನುತ್ತಿದ್ದೆ.

"ಪೆಟ್ರೋಲ್ ಖರೇ. ಹಸೀದೋ, ಸುಟ್ಟಿದ್ದೋ?"

ನನಗೆ ಗೊತ್ತಾಗುತ್ತಿರಲಿಲ್ಲ. ಬಣ್ಣಗಳಿಗೆ ಎಷ್ಟೊಂದು ಹೆಸರಿವೆ. ವಾಸನೆಗೆ ನಮ್ಮ ಹತ್ತಿರ ಎರಡೇ ಮಾತು, ಚೊಲೊ ವಾಸನಿ, ಹೊಲಸು ವಾಸನಿ. ಅವನು ಕೇಳುತ್ತಿದ್ದ, ನಾನು ಒದ್ದಾಡುತ್ತಿದ್ದೆ. ಕೊನೆಗೆ ಅವನೇ ದಾರಿ ಕಂಡುಹಿಡಿದ.

"ಅಕ್ಕಾರ, ನಿಮ್ಮ ಮೂಗು ಅಡಿಗಿಮನಿ ಮೂಗು. ಗ್ಯಾರೇಜಿನ ಮಾತು ಬಿಡ್ರಿ, ಅಡಿಗಿಮನ್ಯಾಗ ಇದು ಯಾವುದರಂಗ ಐತಿ ಹೇಳ್ರಿ."

ಆಗ ಬಾಯಿ ಬಂತು. ಎಂಜಿನ್ ಎಣ್ಣೆ ಸುಟ್ಟದ್ದು ಸಂಜೆಯ ಹೊತ್ತಿಗೆ ಭಜಿ ಅಂಗಡಿಯ ಕಡಾಯಿಯಿಂದ ಬರುವ, ಕಾದು ಕಾದು ಕಪ್ಪಾದ ಎಣ್ಣೆಯ ಹಾಗೆ. ಹಸಿ ಪೆಟ್ರೋಲು ಹಣೆಯ ನಡುವೆ ತಣ್ಣಗೆ ತಾಗುತ್ತದೆ. ಹಸಿ ಈರುಳ್ಳಿ, ನಮ್ಮ ಕಡೆಯ ಉಳ್ಳಾಗಡ್ಡಿ, ಕೊಯ್ದ ಹಾಗೆ. ಅರೆಸುಟ್ಟದ್ದು ಸೀಮೆಎಣ್ಣೆಯ ಬತ್ತಿ ಆರಿಸಿದ ಹಾಗೆ. ಹೀಗೆ ನಮ್ಮದೇ ಒಂದು ಭಾಷೆ ಹುಟ್ಟಿತು. ಕಪಾಟಿನ ಕಡೆಯಿಂದ ನಾನು ಭಜಿ ಎಂದರೆ ಅವನು ಗಿರಾಕಿಗೆ ರಿಂಗು ಹೋಗಿದೆ ಎನ್ನುತ್ತಿದ್ದ. ಉಳ್ಳಾಗಡ್ಡಿ ಎಂದರೆ ಕಾರ್ಬೋರೇಟರ್ ಬಿಚ್ಚುತ್ತಿದ್ದ. ಒಬ್ಬ ಗಿರಾಕಿ, ಅಕ್ಕಾರಿಗೆ ಹಸಿವಾಗಿರಬೇಕು ಎಂದುಕೊಂಡು ಖರೇನೇ ಬಿಸಿ ಭಜಿ ಕಟ್ಟಿಸಿಕೊಂಡು ಬಂದ. ದಸ್ತಗೀರಣ್ಣ ಒಂದನ್ನು ಬಾಯಿಗೆ ಹಾಕಿಕೊಂಡು, ಬಿಸಿ ಐತಿ, ಉಪ್ಪು ಐತಿ ಎಂದ. ಅಷ್ಟೇ ಅವನಿಗೆ ಗೊತ್ತಾಗುತ್ತಿದ್ದದ್ದು.

ಕದರಮಂಡಲಗಿಯ ಹನಮಪ್ಪನ ಗುಡಿಗೆ ಪ್ರತಿ ಶನಿವಾರ ಜನರನ್ನು ಕರೆದುಕೊಂಡು ಹೋಗುವ ವ್ಯಾನೊಂದಿತ್ತು. ಒಂದು ಚಳಿಯ ಬೆಳಿಗ್ಗೆ ಅದು ಹಿಂದಿನಿಂದ ಬೆಳ್ಳಗೆ ಹೊಗೆ ಬಿಡುತ್ತ ಬಂತು. ಇಬ್ಬನಿಯದು, ನಡೀತದ ಎಂದು ಮಾಲೀಕನೇ ಹೇಳುತ್ತಿದ್ದ. ಒಳಗೆ ಜನ ತೆಂಗಿನಕಾಯಿ ಹಿಡಿದು ಕೂತಿದ್ದರು. ದಸ್ತಗೀರಣ್ಣ ಹಿಂದೆ ನಿಂತು ಹೊಗೆಯನ್ನೇ ನೋಡಿದ. ಆಮೇಲೆ ರಸ್ತೆಯ ಈಚೆ ನನ್ನ ಕಡೆ ನೋಡಿದ. ನಾನು ಅಂಗಡಿ ಬಿಟ್ಟು, ವ್ಯಾನಿನಲ್ಲಿದ್ದವರನ್ನು ಪರಿಚಯದವಳಂತೆ ಏನೋ ಮಾತಾಡಿಸುತ್ತ ಹಿಂದಿನಿಂದ ಹಾದುಹೋದೆ. ಹೊಗೆ ಸಿಹಿಯಾಗಿತ್ತು. ಬೆಲ್ಲದ ಪಾಕ ಒಲೆಯ ಮೇಲೆ ಉಕ್ಕಿದ ಹಾಗೆ. ಹೋಳಿಗಿ ಮಾಡಾಕತ್ತಾರ ಎಂದೆ. ಅವನು ವ್ಯಾನು ನಿಲ್ಲಿಸಿ ಜನರನ್ನು ಇಳಿಸಿದ. ರೇಡಿಯೇಟರಿನ ಹಸಿರು ನೀರಿಗೆ ಆ ಸಿಹಿ ಇರುತ್ತದಂತೆ. ಹೆಡ್ಡಿನ ಗ್ಯಾಸ್ಕೆಟ್ ಸೀಳಿ ಅದು ಎಂಜಿನ್ನಿನೊಳಗೆ ಹೋಗುತ್ತಿತ್ತು. ನಡುದಾರಿಯಲ್ಲಿ ನಿಲ್ಲುತ್ತಿತ್ತು ಎಂದು ಮಾಲೀಕ ಅವನ ಕೈ ಹಿಡಿದುಕೊಂಡ. ಅವನು ಕೈ ಬಿಡಿಸಿಕೊಂಡು ನೆಲ ನೋಡಿದ. ಆ ದಿನ ಸಂಜೆ ಚಹಾ ಕುಡಿಯುವಾಗ ಅವನು ನನಗೆ ಹೇಳಿದ ಒಂದೇ ಮಾತು, ಈಗ ಮಿಸ್ತ್ರಿ ನೀವs, ನಾ ಬರೇ ಕೈ, ಎಂಬುದು. ನಗುತ್ತಲೇ ಹೇಳಿದ.

ಕಿಡಿ ನೋಡುವ ವಿಷಯದಲ್ಲಿ ಮಾತ್ರ ಅವನು ಒಂದು ಕಟ್ಟುನಿಟ್ಟು ಮಾಡಿಕೊಂಡಿದ್ದ. ನಾನು ಬಂದು ಗಾಳಿ ಮೂಸಿ ತಲೆಯಾಡಿಸದೆ ಕಿಕ್ಕು ಮುಟ್ಟುತ್ತಿರಲಿಲ್ಲ. ಅಂಥ ಗಾಡಿ ಬಂದರೆ ನಾನು ಬಿಡುವಾಗುವವರೆಗೆ ಅದನ್ನು ಹಾಗೇ ನಿಲ್ಲಿಸಿರುತ್ತಿದ್ದ.

ಬೀಬಿಜಾನ್ ಅವನನ್ನು ಹಾವೇರಿಗೆ, ಕಿವಿ ಮೂಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಬರಬಹುದು, ಕೆಲವರಿಗೆ ತಿಂಗಳುಗಳ ಮೇಲೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ ಎಂದರಂತೆ. ಔಷಧ ಕೊಡಲಿಲ್ಲ. ದಿನಾ ಬೆಳಿಗ್ಗೆ ಸಂಜೆ ನಾಲ್ಕು ವಾಸನೆಗಳನ್ನು ಮೂಸಬೇಕು, ಮೂಸುವಾಗ ಅದು ಮೊದಲು ಹೇಗಿತ್ತೆಂದು ನೆನಪು ಮಾಡಿಕೊಳ್ಳಬೇಕು ಎಂದರಂತೆ. ಬೀಬಿಜಾನ್ ನಾಲ್ಕು ಸಣ್ಣ ಡಬ್ಬಿಗಳಲ್ಲಿ ಲವಂಗ, ನಿಂಬೆಯ ಸಿಪ್ಪೆ, ಗುಲಾಬಿಯ ಎಸಳು, ನೀಲಗಿರಿ ಎಣ್ಣೆಯ ಹತ್ತಿ ಹಾಕಿಟ್ಟಳು. ಐದನೆಯ ಡಬ್ಬಿಯನ್ನು ಅವನೇ ಸೇರಿಸಿದ. ಅದರಲ್ಲಿ ಒಂದು ಹಳೆಯ ಪ್ಲಗ್ಗು ಇತ್ತು, ಎಣ್ಣೆ ಕುಡಿದು ಕಪ್ಪಾದದ್ದು. ಬೆಳಿಗ್ಗೆ ಗ್ಯಾರೇಜಿನ ಪೆಟ್ಟಿಗೆಯ ಮೇಲೆ ಐದನ್ನೂ ಸಾಲಾಗಿ ಇಟ್ಟುಕೊಂಡು, ಒಂದೊಂದಾಗಿ ಮುಚ್ಚಳ ತೆಗೆದು, ಕಣ್ಣು ಮುಚ್ಚಿ ಕೂರುತ್ತಿದ್ದ. ರಸ್ತೆಯ ಜನ ಅದು ಯಾವುದೋ ನಾಟಿ ಔಷಧ ಎಂದುಕೊಂಡಿದ್ದರು. ನಾನು ಶಟರ್ ಎತ್ತುವಾಗ ಅವನ ಮುಖ ನೋಡುತ್ತಿದ್ದೆ. ಕಣ್ಣು ತೆರೆದು ಅವನು ನನ್ನ ಕಡೆ ಸಣ್ಣಗೆ ತಲೆ ಅಲ್ಲಾಡಿಸುತ್ತಿದ್ದ. ಇಲ್ಲ ಎಂದು. ಚಳಿಗಾಲವೆಲ್ಲ ಹಾಗೇ ಹೋಯಿತು.

ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ಬರತೊಡಗಿದ ಮೇಲೆ ನಾವು ಮೂವರೂ ಅಲ್ಲಿಗೆ ಹೋದೆವು. ಬೀಬಿಜಾನ್ ಪ್ರತಿ ವರ್ಷ ವರ್ಷದ ಖಾರಪುಡಿಗೆ ಅಲ್ಲಿಂದಲೇ ಕಾಯಿ ತರುತ್ತಾಳೆ, ನಾನೂ ತರುತ್ತೇನೆ. ಆ ಊರಿಗೆ ಆ ದಿನಗಳಲ್ಲಿ ಹೋದವರಿಗೆ ಗೊತ್ತು, ಬಸ್ಸು ಪೇಟೆಯ ಹತ್ತಿರ ಬರುತ್ತಿದ್ದಂತೆ ಒಳಗಿದ್ದವರು ಒಬ್ಬೊಬ್ಬರಾಗಿ ಸೀನತೊಡಗುತ್ತಾರೆ. ಬ್ಯಾಡಗಿಯ ಕಾಯಿಗೆ ಖಾರಕ್ಕಿಂತ ಬಣ್ಣ ಹೆಚ್ಚು, ಆದರೆ ಅಷ್ಟೊಂದು ಕಾಯಿ ಒಂದೇ ಕಡೆ ರಾಶಿ ಬಿದ್ದು, ಚೀಲ ಝಾಡಿಸಿ ದೂಳು ಎದ್ದರೆ ಗಾಳಿಯೇ ಕೆರೆಯುತ್ತದೆ. ಹಮಾಲರು ಮುಖಕ್ಕೆ ಟವೆಲ್ ಕಟ್ಟಿಕೊಂಡು ಓಡಾಡುತ್ತಿದ್ದರು. ಕಣ್ಣು ಹೋದಷ್ಟು ದೂರ ಕೆಂಪು.

ರಾಶಿಗಳ ನಡುವೆ ನಡೆಯುತ್ತಿದ್ದಾಗ ದಸ್ತಗೀರಣ್ಣ ನಿಂತ. ಮುಖ ಮೇಲೆತ್ತಿದ, ಸೀನಿದ. ಮತ್ತೆ ಸೀನಿದ. ಮೂರನೆಯ ಸೀನಿಗೆ ಅವನ ಕಣ್ಣಿಂದ ನೀರು ಇಳಿಯಿತು. ಅವನು ನಗುತ್ತಿದ್ದ.

"ಬಂತ್ರಿ ಅಕ್ಕಾರ," ಎಂದ. "ಬಂತು."

ಬೀಬಿಜಾನ್ ಅಲ್ಲೇ ಕೈಚೀಲ ಕೆಳಗೆ ಬಿಟ್ಟು ಎರಡೂ ಅಂಗೈ ಎತ್ತಿ ಮುಖಕ್ಕೆ ಹಚ್ಚಿಕೊಂಡಳು. ಮೂಗು ಬಂತೆಂದರೆ ಎಲ್ಲವೂ ಬಂದ ಹಾಗೆ. ಕಪಾಟಿನ ಕಡೆ ತಿರುಗಿ ಮೂಸುವುದು ತಪ್ಪಿತು, ಭಜಿಯ ಸುಳ್ಳು ತಪ್ಪಿತು ಎಂದುಕೊಂಡೆ. ಅವನು ಬಗ್ಗಿ ರಾಶಿಯಿಂದ ಎರಡೂ ಕೈ ತುಂಬ ಕಾಯಿ ಎತ್ತಿ, ಮುಖವನ್ನು ಅದರೊಳಗೆ ಇಟ್ಟ. ಬಹಳ ಹೊತ್ತು ಇಟ್ಟ. ರಾಶಿಯ ರೈತ, ಏನ್ ಸಾಹೇಬ್ರ, ಕಾಯಿ ಮೂಸಿ ತಗೋತೀರೋ ನೋಡಿ ತಗೋತೀರೋ ಎಂದು ನಕ್ಕ.

ದಸ್ತಗೀರಣ್ಣ ಮುಖ ಎತ್ತಿದಾಗ ಮೂಗಿನ ತುದಿ ಕೆಂಪಾಗಿತ್ತು. ಕಾಯಿಗಳನ್ನು ಒಂದೂ ಕೆಳಗೆ ಬೀಳದ ಹಾಗೆ ಮೆಲ್ಲಗೆ ರಾಶಿಗೆ ಹಾಕಿದ.

"ಘಾಟು ಬಡೀತೈತ್ರಿ," ಎಂದ. "ವಾಸನಿ ಇಲ್ಲ."

ಆ ಎರಡೂ ಬೇರೆ ಬೇರೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಘಾಟು ಮೂಗಿನ ಒಳಗೋಡೆಯನ್ನು ಚುಚ್ಚುವುದಷ್ಟೇ. ಕಣ್ಣನ್ನೂ ಹಾಗೇ ಚುಚ್ಚುತ್ತದೆ. ಬ್ಯಾಡಗಿಯ ಪೇಟೆಯಲ್ಲಿ ಸೀನು ಬಂತೆಂದರೆ ವಾಸನೆ ಬಂತೆಂದೇ ನಮ್ಮ ಕಡೆಯವರ ತಿಳಿವಳಿಕೆ. ಅವನೂ ನಮ್ಮ ಕಡೆಯವನೇ. ಬೀಬಿಜಾನ್ ಚೀಲ ಎತ್ತಿಕೊಂಡು, ಕಾಯಿಯನ್ನು ಮುರಿದು ನೋಡಿ, ಚೌಕಾಸಿ ಮಾಡದೆ ತೂಗಿಸಿಕೊಂಡಳು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಚೀಲ ಅವನ ಕಾಲ ನಡುವೆ ಇತ್ತು. ಪಕ್ಕದ ಸೀಟಿನವರು ಸೀನುತ್ತಿದ್ದರು. ಅವನೂ ಸೀನುತ್ತಿದ್ದ, ಪ್ರತಿ ಸಲ ಸೀನಿದಾಗಲೂ ಟವೆಲ್ಲಿನಿಂದ ಬಾಯಿ ಒತ್ತಿ ಹಿಡಿಯುತ್ತಿದ್ದ.

ಅದಾದ ಮೇಲೆ ಅವನು ಬೆಳಿಗ್ಗೆ ಡಬ್ಬಿಗಳನ್ನು ಇಟ್ಟುಕೊಂಡು ಕೂರುವುದನ್ನು ಬಿಡಲಿಲ್ಲ, ಆದರೆ ನನ್ನ ಕಡೆ ನೋಡಿ ತಲೆ ಅಲ್ಲಾಡಿಸುವುದನ್ನು ಬಿಟ್ಟ. ನಾನೂ ಆ ಹೊತ್ತಿಗೆ ಬೇರೆ ಕಡೆ ನೋಡುತ್ತ ಶಟರ್ ಎತ್ತತೊಡಗಿದೆ. ಗೊತ್ತಾಗದ ಗಾಡಿಗಳನ್ನು ಬೈಪಾಸಿನ ಗ್ಯಾರೇಜಿಗೆ ಕಳಿಸಿಬಿಡಿ, ಇಲ್ಲವೆ ವೈರು ಸಿಕ್ಕಿಸುವ ಯಂತ್ರವನ್ನು ನೀವೂ ಕಲಿಯಬಹುದಲ್ಲ ಎಂದು ಒಮ್ಮೆ ಹೇಳಿದೆ. ಅವನು ಸಿಟ್ಟಾಗಲಿಲ್ಲ. ಈ ಗಾಡಿಗಳಿಗೆ ವೈರು ಸಿಕ್ಕಿಸಲು ಜಾಗವೇ ಇಲ್ಲವಲ್ಲ ಅಕ್ಕಾರ ಎಂದ. ಅದೂ ನಿಜವೇ ಆಗಿತ್ತು. ನನಗೆ ಬೇರೆ ಯಾವ ದಾರಿಯೂ ತೋಚಲಿಲ್ಲ.

ಇಲ್ಲಿಂದ ಮುಂದಿನದನ್ನು ನಾನು ಕಂಡಷ್ಟು, ಕೇಳಿದಷ್ಟೇ ಹೇಳುತ್ತೇನೆ.

ಬೇಸಿಗೆ ಬಲಿತಿತ್ತು. ಹಾವೇರಿಯಲ್ಲಿ ನಮ್ಮ ಚಿಕ್ಕಮ್ಮನ ಮೊಮ್ಮಗಳ ತೊಟ್ಟಿಲು ಶಾಸ್ತ್ರವಿತ್ತು. ಹೋಗುವ ಹಿಂದಿನ ದಿನವೇ ದಸ್ತಗೀರಣ್ಣನಿಗೆ ಹೇಳಿದ್ದೆ. ಹೋಗಿ ಬರ್ರಿ, ಕಿಡಿ ನೋಡೋದು ಏನಿದ್ರೂ ನೀವು ಬಂದ ಮ್ಯಾಲೆ ಎಂದಿದ್ದ. ಊಟ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಹೊರಟೆ. ನಮ್ಮ ರಸ್ತೆಯ ತಿರುವಿನಲ್ಲಿ ಇಳಿದಾಗ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಹತ್ತುತ್ತಿತ್ತು. ರಸ್ತೆಯಲ್ಲಿ ಜನ ಕಡಿಮೆ. ಬೇವಿನ ಮರದ ಕೆಳಗೆ ಒಂದು ಹಳೆಯ ಬೈಕು, ಪಕ್ಕದಲ್ಲಿ ಅದನ್ನು ತಂದ ಹುಡುಗ, ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಿದ್ದ. ದಸ್ತಗೀರಣ್ಣ ಬೈಕಿನ ಬಲಕ್ಕೆ ಕುಕ್ಕರುಗಾಲಲ್ಲಿ ಕೂತಿದ್ದ. ಪ್ಲಗ್ಗು ಬಿಚ್ಚಿಯಾಗಿತ್ತು. ಕ್ಯಾಪಿಗೆ ಸಿಕ್ಕಿಸಿ, ಬಲಗೈಯಿಂದ ಅದನ್ನು ಎಂಜಿನ್ನಿಗೆ ಒತ್ತಿ ಹಿಡಿದಿದ್ದ. ಎಡಗೈ ಕಿಕ್ಕಿನ ಮೇಲಿತ್ತು.

ನನಗೆ ವಾಸನೆ ಬಂತು. ನಾನಿನ್ನೂ ರಸ್ತೆಯ ಈಚೆ ಇದ್ದೆ. ಹಣೆಯ ನಡುವೆ ತಣ್ಣಗೆ. ಹಸಿ ಈರುಳ್ಳಿ. ಆ ಬಿಸಿಲಲ್ಲಿ, ಅಷ್ಟು ದೂರಕ್ಕೆ ಬರಬೇಕಾದರೆ ಬಹಳ ಚೆಲ್ಲಿರಬೇಕು. ಕಾರ್ಬೋರೇಟರಿನ ಒಳಗೆ ಪೆಟ್ರೋಲನ್ನು ತಡೆಯುವ ತೇಲುಗುಂಡು ಸಿಕ್ಕಿಕೊಂಡು, ಅದು ತುಂಬಿ ಎಂಜಿನ್ನಿನ ಹಿಂಭಾಗದಲ್ಲಿ, ಅವನಿಗೆ ಕಾಣದ ಕಡೆ ಇಳಿಯುತ್ತಿತ್ತು ಎಂದು ಆಮೇಲೆ ಗೊತ್ತಾಯಿತು. ಕೆಳಗಿನ ನೆಲ ಮೊದಲೇ ಕಪ್ಪು, ಒದ್ದೆಯಾದದ್ದು ಕಾಣುವಂತಿರಲಿಲ್ಲ.

ನಾನು ಕೂಗಿದೆ. "ಅಣ್ಣಾರ" ಎಂದಷ್ಟೇ ಬಾಯಿಗೆ ಬಂತು. ಬೇಡ ಎಂಬ ಮಾತು ಮೊದಲು ಬರಬೇಕಾಗಿತ್ತು, ಬರಲಿಲ್ಲ. ಅವನು ತಲೆ ಎತ್ತಿ ನನ್ನನ್ನು ನೋಡಿದ. ಅವನ ಮುಖ ಅರಳಿತು. ಬಂದ್ರಲ್ಲ ಎನ್ನುವ ಹಾಗೆ, ಒಳ್ಳೆಯ ಹೊತ್ತಿಗೆ ಬಂದ್ರಿ ಎನ್ನುವ ಹಾಗೆ ನಕ್ಕ. ಆದರೆ ಎಡಗೈ ಅಷ್ಟರಲ್ಲಾಗಲೇ ಕಿಕ್ಕನ್ನು ಒತ್ತಲು ಹೊರಟಿತ್ತು. ನಗು ಮುಖದ ಮೇಲಿರುವಾಗಲೇ ಅದು ಕೆಳಗೆ ಹೋಯಿತು.

ದೊಡ್ಡ ಸದ್ದೇನೂ ಆಗಲಿಲ್ಲ. ಒದ್ದೆ ಬಟ್ಟೆ ಝಾಡಿಸಿದಷ್ಟೇ. ಬಿಸಿಲಿನಲ್ಲಿ ಬೆಂಕಿ ಸರಿಯಾಗಿ ಕಾಣಲೂ ಇಲ್ಲ. ಗಾಳಿ ನಡುಗಿತು, ಅವನ ಅಂಗಿಯ ತೋಳು ಇದ್ದಕ್ಕಿದ್ದಂತೆ ಇಲ್ಲವಾಯಿತು. ಹುಡುಗ ಹಿಂದಕ್ಕೆ ಹಾರಿದ. ಚಹಾದಂಗಡಿಯವನು ಗೋಣಿಚೀಲ ನೀರಲ್ಲಿ ಅದ್ದಿ ಓಡಿಬಂದು ಅವನ ಮೇಲೆ ಹಾಕಿ ಅಪ್ಪಿಕೊಂಡ. ಯಾರೋ ಬೈಕಿನ ಮೇಲೆ ಮಣ್ಣು ಎರಚಿದರು. ನಾನು ಏನು ಮಾಡಿದೆ ಎಂದು ಕೇಳಿದರೆ, ರಸ್ತೆ ದಾಟಿದೆ. ಅಷ್ಟೇ ನೆನಪಿದೆ.

ಅವನು ಬೇವಿನ ಬೊಡ್ಡೆಗೆ ಒರಗಿ ಕೂತಿದ್ದ. ಬಲಗೈಯನ್ನು ಮುಂದೆ ಚಾಚಿ, ಅದು ಬೇರೆ ಯಾರದೋ ಎನ್ನುವ ಹಾಗೆ ನೋಡುತ್ತಿದ್ದ. ಹುಬ್ಬು ಸುಟ್ಟಿತ್ತು. ನೋವು ಇನ್ನೂ ಅವನಿಗೆ ಮುಟ್ಟಿರಲಿಲ್ಲವೆಂದು ಕಾಣುತ್ತದೆ. ನಾನು ಹತ್ತಿರ ಕೂತಾಗ ನನ್ನ ಕಡೆ ತಿರುಗಿ, ಎಂದಿನ ದನಿಯಲ್ಲಿ, ಪ್ಲಗ್ಗು ಹಿಡಿದು ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದ.

"ಅಕ್ಕಾರ, ಏನ್ ವಾಸನಿ ಬರಾಕತ್ತೇತಿ?"

ನನಗೆ ಆ ವಾಸನೆ ಬರುತ್ತಿತ್ತು. ಅದು ಬರೇ ಪೆಟ್ರೋಲಿನದಲ್ಲ, ಏನೆಂದೂ ಗೊತ್ತಿತ್ತು. ಅಡುಗೆಮನೆಯಲ್ಲಿ ಅದು ಯಾವುದರ ಹಾಗೆ ಎಂದೂ ಗೊತ್ತಿತ್ತು. ಚಳಿಗಾಲದಿಂದ ಅವನು ಕೇಳಿದ ಪ್ರತಿಯೊಂದಕ್ಕೂ ನಾನು ಏನಾದರೊಂದು ಹೇಳಿದ್ದೆ. ಆಗ ಬಾಯಿ ತೆರೆಯಲಾಗಲಿಲ್ಲ. ಅವನು ಉತ್ತರಕ್ಕೆ ಕಾಯುತ್ತ ನನ್ನ ಮುಖವನ್ನೇ ನೋಡುತ್ತಿದ್ದ. ಆಟೊ ಬಂದು ಅವನನ್ನು ಎತ್ತಿ ಕೂರಿಸುವವರೆಗೂ ನೋಡುತ್ತಿದ್ದ.

ಬೈಕಿನ ಹುಡುಗ ಆಮೇಲೆ ಆಸ್ಪತ್ರೆಯ ಹೊರಗೆ ಗೋಡೆಗೆ ಮುಖ ಮಾಡಿ ಅಳುತ್ತ ನನಗೆ ಎಲ್ಲ ಹೇಳಿದ. ಮಿಸ್ತ್ರಿ ಬೆಳಿಗ್ಗೆಯಿಂದ ಅವನನ್ನು ಕಾಯಿಸಿದ್ದನಂತೆ. ಪ್ಲಗ್ಗು ನೋಡಿದನಂತೆ, ಒರೆಸಿದನಂತೆ, ಅಕ್ಕಾರ ಬರಲಿ ಕಿಡಿ ನೋಡೋಣ ಎಂದನಂತೆ. ಹುಡುಗನಿಗೆ ಬ್ಯಾಡಗಿಯಲ್ಲಿ ಕೆಲಸದ ಸಂದರ್ಶನವಿತ್ತು, ಹೊತ್ತಾಗುತ್ತಿತ್ತು. ಕೊನೆಗೆ ತಾಳ್ಮೆ ತಪ್ಪಿ, "ಅಕ್ಕಾರ ಬಂದು ಕಿಕ್ ಹೊಡೀತಾರೇನ್ರಿ? ಬೈಪಾಸಿಗೆ ಒಯ್ತೇನಿ ಬಿಡ್ರಿ" ಎಂದನಂತೆ. ಮಿಸ್ತ್ರಿ ಒಮ್ಮೆ ಮುಚ್ಚಿದ ನನ್ನ ಶಟರಿನ ಕಡೆ ನೋಡಿ, ಆಮೇಲೆ ಕೂತನಂತೆ. ಆ ಹುಡುಗನಿಗೆ ಏನೂ ಗೊತ್ತಿರಲಿಲ್ಲ. ನಮ್ಮಿಬ್ಬರನ್ನು ಮತ್ತು ಬೀಬಿಜಾನಳನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನಾನು ಅವನಿಗೆ ನೀರು ಕುಡಿಸಿದೆ.

ಜೀವ ಉಳಿಯಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೊಡೆಯ ಚರ್ಮ ತೆಗೆದು ಕೈಗೆ ಹಚ್ಚಿದರು. ಆದರೆ ಬೆರಳುಗಳು ಒಳಕ್ಕೆ ಬಾಗಿ ನಿಂತವು. ಪಾನೆ ಹಿಡಿಯುವ ಕೈ ಅದಾಗಲಿಲ್ಲ. ಮಳೆಗಾಲಕ್ಕೆ ಮುಂಚೆ ಅವರು ರಾಣೆಬೆನ್ನೂರು ಬಿಟ್ಟು ಕರ್ಜಗಿಗೆ, ಬೀಬಿಜಾನಳ ತವರಿಗೆ ಹೋದರು. ಬೇವಿನ ಮರದ ಕೆಳಗೆ ಈಗ ಕಬ್ಬಿನ ಹಾಲಿನ ಗಾಡಿ ನಿಲ್ಲುತ್ತದೆ.

ಕರ್ಜಗಿಯಲ್ಲಿ ನಾನು ಬಸ್ಸು ಇಳಿದಾಗ ಅವನು ಹೆಂಡತಿಯ ತಮ್ಮನ ಹಿಟ್ಟಿನ ಗಿರಣಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ಜನ ತಂದ ಜೋಳದ ಡಬ್ಬಿಗಳನ್ನು ಎಡಗೈಯಿಂದ ಸಾಲಿಗೆ ಸರಿಸುವುದು ಅವನ ಕೆಲಸ. ಹುಬ್ಬಿನ ಮೇಲೆ ಹಿಟ್ಟು ಕೂತಿತ್ತು. ಬರ್ರಿ ಅಕ್ಕಾರ, ಕುಂದರ್ರಿ ಎಂದ. ಬೀಬಿಜಾನ್ ಒಳಗಿನಿಂದ ಚಹಾ ತಂದಳು. ಅಪ್ಪನ ಮೊಣಕಾಲು, ಅಂಗಡಿ, ಬೈಪಾಸು ಎಲ್ಲ ಕೇಳಿದ. ದಾರಿಯಲ್ಲಿ ಒಂದು ಬೈಕು ಭಜಿ ಕರಿಯುತ್ತ ಹೋಗುತ್ತಿತ್ತು ಎಂದೆ. ಅವನು ನಕ್ಕು, ಯಾರದಂತ ನನಗೊತ್ತು, ರಿಂಗ್ ಹಾಕಸೋ ಅಂದ್ರ ಕೇಳವಲ್ಲ ಎಂದ.

ಕುರ್ಚಿಯ ಹಿಂದಿನ ಗೂಡಿನಲ್ಲಿ ಐದು ಡಬ್ಬಿಗಳಿದ್ದವು. ನಾನು ನೋಡಿದ್ದನ್ನು ನೋಡಿ, ಒಮ್ಮೊಮ್ಮೆ ಲವಂಗ ಬಂದ ಹಾಗೆ ಆಗುತ್ತದೆ, ಆದರೆ ಅದು ಮೂಗಿನದೋ ನೆನಪಿನದೋ ಗೊತ್ತಾಗುವುದಿಲ್ಲ ಎಂದ. ಕೊನೆಯ ಡಬ್ಬಿಯನ್ನು ತೊಡೆಯ ನಡುವೆ ಬಿಗಿಹಿಡಿದು, ಎಡಗೈಯಿಂದ ಮುಚ್ಚಳ ತೆಗೆದು, ಪ್ಲಗ್ಗನ್ನು ಹೊರಗೆ ತೆಗೆದ. ಮೂಗಿನ ಹತ್ತಿರ ಒಯ್ಯಲಿಲ್ಲ. ಬಾಗಿದ ಬಲಗೈಯ ಮೇಲೆ ಇಟ್ಟುಕೊಂಡು ಅದನ್ನೇ ನೋಡಿದ.

"ಅವತ್ತ ನಾ ಒಂದ್ ಮಾತು ಕೇಳಿದ್ನಲ್ಲ ಅಕ್ಕಾರ," ಎಂದ. "ನೀವು ಹೇಳಲಿಲ್ಲ."

ಗಿರಣಿಯ ಬೆಲ್ಟು ಓಡುತ್ತಿತ್ತು. ಬೀಬಿಜಾನ್ ಖಾಲಿ ಕಪ್ಪು ಎತ್ತಲು ಬಂದವಳು ಎತ್ತದೆ ಒಳಗೆ ಹೋದಳು.

"ಪೆಟ್ರೋಲ್ ರಿ," ಎಂದೆ.

"ಬರೇ ಪೆಟ್ರೋಲಾ?"

"ಬರೇ ಪೆಟ್ರೋಲ್."

ಅವನು ಎಡಗೈಯಿಂದ ಪ್ಲಗ್ಗನ್ನು ಹೊರಳಿಸಿದ. ಆಮೇಲೆ, ಗಿರಾಕಿ ರಸ್ತೆಯ ಆಚೆ ನಿಂತಿದ್ದಾನೆ ಎನ್ನುವ ಹಾಗೆ ದನಿ ತಗ್ಗಿಸಿ ಕೇಳಿದ.

"ಹಸೀದೋ, ಸುಟ್ಟಿದ್ದೋ?"

ನಾನು ಅವನ ಕೈ ನೋಡಲಿಲ್ಲ. ಮುಖವನ್ನೂ ನೋಡಲಿಲ್ಲ.

"ಸುಟ್ಟಿದ್ದು," ಎಂದೆ.

"ಹಾಂ," ಎಂದ. ಪ್ಲಗ್ಗನ್ನು ಡಬ್ಬಿಗೆ ಹಾಕಿ ಎಡಗೈಯಿಂದ ಮುಚ್ಚಳ ತಿರುಗಿಸಲು ಹೋದ. ಡಬ್ಬಿಯೂ ಜೊತೆಗೇ ತಿರುಗಿತು. ನಾನು ಕೈ ಚಾಚಿ ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವನು ಮುಚ್ಚಳ ತಿರುಗಿಸಿದ.